ವಿಯೆನ್ನಾದಲ್ಲಿ ಯಾವುದು ನೋಡಲೇಬೇಕು, ಯಾವುದು ಬಿಡಬಹುದು?

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ವಿಯೆನ್ನಾಗೆ ಹೊರಟಿದ್ದೇವೆ. ಅಮ್ಮ ಮತ್ತು ಹನ್ನೊಂದು ವರ್ಷದ ಮಗ ಜೊತೆಗಿರುತ್ತಾರೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತೋದು ಕಷ್ಟ. ಮೊಟ್ಟೆ ಕೂಡ ತಿನ್ನುವುದಿಲ್ಲ. ಕೈಯಲ್ಲಿ ಇರುವುದು ಮೂರ್ನಾಲ್ಕು ದಿನ, ಮ್ಯೂಸಿಯಂಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

* * *

ದಿನಕ್ಕೆ ಒಂದೇ ದೊಡ್ಡ ಮ್ಯೂಸಿಯಂ ಇಟ್ಟುಕೊಳ್ಳಿ. ಅಮ್ಮನ ಮಂಡಿಗೆ ಮಾತ್ರ ಅಲ್ಲ, ನಿಮಗೂ ಅದೇ ಒಳ್ಳೆಯದು. ಎರಡನೆಯದಕ್ಕೆ ಹೋಗುವ ಹೊತ್ತಿಗೆ ಕಣ್ಣು ನೋಡುತ್ತಿರುತ್ತದೆ, ಮನಸ್ಸಿಗೆ ಏನೂ ಇಳಿಯುವುದಿಲ್ಲ.

ಒಂದೇ ಒಂದು ನೋಡಿ ಅಂದರೆ ನಾನು ಹೇಳುವುದು ಕುನ್ಸ್ಟ್‌ಹಿಸ್ಟಾರಿಷೆಸ್ ಮ್ಯೂಸಿಯಂ. ಹ್ಯಾಬ್ಸ್‌ಬರ್ಗ್ ದೊರೆಗಳು ತಲೆತಲಾಂತರದಿಂದ ಕೂಡಿಟ್ಟ ಚಿತ್ರಗಳು ಇಲ್ಲಿವೆ, 1891ರಲ್ಲಿ ತೆರೆದದ್ದು. ಚಿತ್ರಗಳಿರುವುದು ಮಹಡಿಯಲ್ಲಿ, ಲಿಫ್ಟ್ ಇದೆ. ಸೀದಾ ಬ್ರೂಗಲ್ ಕೋಣೆಗೆ ಹೋಗಿ. ಪೀಟರ್ ಬ್ರೂಗಲ್ 16ನೇ ಶತಮಾನದ ಚಿತ್ರಕಾರ. ಅವನ ಇಷ್ಟೊಂದು ಚಿತ್ರಗಳು ಜಗತ್ತಿನಲ್ಲಿ ಬೇರೆಲ್ಲೂ ಒಂದೇ ಕಡೆ ಇಲ್ಲ. ಜನ ಬೇಬೆಲ್ ಗೋಪುರದ ಮುಂದೆ, ಹಿಮದಲ್ಲಿ ಮನೆಗೆ ಮರಳುವ ಬೇಟೆಗಾರರ ಮುಂದೆ ನಿಲ್ಲುತ್ತಾರೆ. ನೀವು ಅಮ್ಮನನ್ನೂ ಮಗನನ್ನೂ 1560ರ ‘ಮಕ್ಕಳ ಆಟಗಳು’ ಮುಂದೆ ನಿಲ್ಲಿಸಿ. ಊರ ಚೌಕದ ತುಂಬಾ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟ. ಎಡಗಡೆ ಕೆಳಮೂಲೆಯಲ್ಲಿ ಇಬ್ಬರು ಹೆಂಗಸರು ಮೂಳೆ ತುಂಡುಗಳನ್ನು ಇಟ್ಟುಕೊಂಡು ಆಡುತ್ತಿದ್ದಾರೆ, ನೋಡಿದ ಕೂಡಲೇ ನಮ್ಮ ಕಲ್ಲಾಟ ಅನ್ನಿಸುತ್ತದೆ. ಬುಗುರಿ ಇದೆ, ಕಣ್ಣಾಮುಚ್ಚಾಲೆ ಇದೆ, ಕೋಲಲ್ಲಿ ಬಳೆ ಉರುಳಿಸಿಕೊಂಡು ಓಡುವವರಿದ್ದಾರೆ. ನನ್ನ ಅತ್ತೆ ಒಂದೊಂದನ್ನೇ ಬೆರಳಲ್ಲಿ ತೋರಿಸಿ ಹೆಸರು ಹೇಳುತ್ತಾ ಹೋದರು, ಮೊಮ್ಮಕ್ಕಳು ಸುಮ್ನೆ ನಿಂತು ಕೇಳಿದರು. ಕೆಳಗೆ ಈಜಿಪ್ಟ್ ವಿಭಾಗವೂ ಚೆನ್ನಾಗಿದೆ, ಆದರೆ ಸುಸ್ತಾಗಿದ್ದರೆ ಬಿಡಿ. ಮಹಡಿಯಲ್ಲಿ ಮೆತ್ತನೆ ಸೋಫಾಗಳಿವೆ, ಅಮ್ಮನವರು ಕೂತು ನೋಡಬಹುದು.

ಬೇಸಿಗೆ ಬಿಟ್ಟರೆ ಇದಕ್ಕೆ ಸೋಮವಾರ ರಜೆ. ಹತ್ತೊಂಬತ್ತು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಹಾಗಾಗಿ ಮಗನಿಗೆ ದುಡ್ಡು ಕೊಡಬೇಕಾಗಿಲ್ಲ.

* * *

ಮೇಲಿನವರು ಹೇಳಿದ್ದು ಸರಿ. ಮಗನಿಗಾಗಿ ಒಂದು ಸೇರಿಸುತ್ತೇನೆ. ಅದರ ಎದುರಿಗೇ ಅವಳಿಯಂತೆ ನಿಂತಿರುವುದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಅದಕ್ಕೆ ಮಂಗಳವಾರ ರಜೆ. ಡೈನೋಸಾರ್ ಇದೆ, ಉಲ್ಕಾಶಿಲೆಗಳು ಕೋಣೆ ತುಂಬಾ ಇವೆ. ಆದರೆ ಬಿಡಬಾರದ್ದು ವಿಲ್ಲೆಂಡಾರ್ಫ್ ವೀನಸ್. ಡ್ಯಾನ್ಯೂಬ್ ಕಣಿವೆಯಲ್ಲಿ 1908ರಲ್ಲಿ ಸಿಕ್ಕ ಸುಣ್ಣಕಲ್ಲಿನ ಹೆಂಗಸಿನ ಗೊಂಬೆ. ಸುಮಾರು 29,500 ವರ್ಷ ಹಳೆಯದು, ಎತ್ತರ ಬರೀ 11 ಸೆಂಟಿಮೀಟರ್. ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತದೆ, ಎದುರಿಗೆ ನಿಂತಾಗ ಅಂಗೈಯಲ್ಲಿ ಹಿಡಿಯಬಹುದು ಅನ್ನಿಸುತ್ತದೆ. ಮುಖವೇ ಇಲ್ಲ, ತಲೆ ಸುತ್ತ ಹೆಣೆದ ಹಾಗೆ ಸಾಲು ಸಾಲು ಗೆರೆ. ಆ ಗೆರೆಗಳನ್ನು ಹತ್ತಿರದಿಂದ ನೋಡಿ, ಕೆತ್ತಿದ ಕೈಯ ತಾಳ್ಮೆ ಗೊತ್ತಾಗುತ್ತದೆ.

ಹುಡುಗನಿಗೆ ಯುದ್ಧದ ಇತಿಹಾಸ ಇಷ್ಟವಾದರೆ ಮುಖ್ಯ ರೈಲು ನಿಲ್ದಾಣದ ಹತ್ತಿರ ಸೇನಾ ಮ್ಯೂಸಿಯಂ ಇದೆ. 1914ರ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್‌ಗೆ ಗುಂಡು ಬಿದ್ದಾಗ ಕೂತಿದ್ದ ಕಾರು ಅಲ್ಲಿದೆ. ಮೊದಲ ಮಹಾಯುದ್ಧದ ಪಾಠ ಓದಿದ ಮಕ್ಕಳಿಗೆ ಅದು ಮರೆಯುವಂಥದ್ದಲ್ಲ.

ಷೋನ್‌ಬ್ರುನ್ ಅರಮನೆ ಒಳಗೆ ಹೋಗದಿದ್ದರೂ ನಡೆಯುತ್ತದೆ ಅಂತ ನನ್ನ ಅಭಿಪ್ರಾಯ. ಗುಂಪು ಜಾಸ್ತಿ. ತೋಟಕ್ಕೆ ಟಿಕೆಟ್ ಇಲ್ಲ, ಅಷ್ಟು ಸಾಕು.

* * *

ಷೋನ್‌ಬ್ರುನ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಅರಮನೆಯಲ್ಲಿ 1,441 ಕೋಣೆಗಳು, ನಮಗೆ ತೋರಿಸುವುದು ಸ್ವಲ್ಪವೇ. ಆದರೂ ಮೈಸೂರು ಅರಮನೆ ನೋಡಿ ಬೆಳೆದವರಿಗೆ ಇನ್ನೊಂದು ರಾಜಮನೆತನ ಹೇಗೆ ಬದುಕುತ್ತಿತ್ತು ಅಂತ ನೋಡುವ ಆಸೆ ಇದ್ದೇ ಇರುತ್ತದೆ, ಅಲ್ವಾ? ಫ್ರಾಂಜ್ ಜೋಸೆಫ್ ಚಕ್ರವರ್ತಿ ಮಲಗುತ್ತಿದ್ದ ಮಂಚ ನೋಡಿ, ಕಬ್ಬಿಣದ್ದು, ತೀರಾ ಸಾದಾ. ಸುತ್ತಲೂ ಅಷ್ಟು ಚಿನ್ನದ ಕೆಲಸ ಇಟ್ಟುಕೊಂಡು ಆ ಮನುಷ್ಯ 1916ರಲ್ಲಿ ಕಣ್ಣು ಮುಚ್ಚಿದ್ದು ಇದೇ ಅರಮನೆಯಲ್ಲಿ. ಟಿಕೆಟ್‌ನಲ್ಲಿ ಒಳಗೆ ಹೋಗುವ ಸಮಯ ಹಾಕಿರುತ್ತಾರೆ. ಮೊದಲೇ ಆನ್‌ಲೈನ್‌ನಲ್ಲಿ ಬೆಳಗಿನ ಹೊತ್ತಿನದು ತಗೊಳ್ಳಿ, ಗುಂಪಿನ ಕಾಟ ಕಡಿಮೆ. ಹಿಂದಿನ ಗುಡ್ಡದ ಮೇಲಿರುವ ಗ್ಲೋರಿಯೆಟ್ ಮಂಟಪದವರೆಗೆ ಅಮ್ಮನನ್ನು ನಡೆಸಬೇಡಿ, ಏರು ಇದೆ. ಅವರು ಕೆಳಗೆ ಹೂವಿನ ಪಾತಿಗಳ ಹತ್ತಿರ ಕೂರಲಿ.

ಸಂತ ಸ್ಟೀಫನ್ ಚರ್ಚ್‌ನಲ್ಲೂ ಹಾಗೇ. ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಸುರುಳಿ ಸುರುಳಿ. ಉತ್ತರ ಗೋಪುರಕ್ಕೆ ಲಿಫ್ಟ್ ಇದೆ. ದೊಡ್ಡ ಗಂಟೆ ಪುಮ್ಮೆರಿನ್ ಇರುವುದೂ ಅಲ್ಲೇ, ಬಣ್ಣದ ಹೆಂಚಿನ ಮಾಡೂ ಹತ್ತಿರದಿಂದ ಕಾಣುತ್ತದೆ.

* * *

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಸೂಪ್ ವಿಷಯದಲ್ಲಿ ಹುಷಾರು. ಮೇಲೆ ಬರೀ ದೋಸೆ ಚೂರಿನಂಥದ್ದು ತೇಲುವ ಫ್ರಿಟಾಟೆನ್ ಸೂಪ್ ಮಾಡುವುದು ದನದ ಮಾಂಸದ ಸಾರಿನಲ್ಲಿ. ತರಕಾರಿ ಸೂಪ್ ಅಂದರೂ ಕೇಳಿಯೇ ತಗೊಳ್ಳಿ. ಸಿಹಿತಿಂಡಿ ಬಹುಪಾಲು ಮೊಟ್ಟೆಯದ್ದೇ. ನಾಷ್‌ಮಾರ್ಕ್ಟ್ ಸಂತೆಯಲ್ಲಿ ಫಲಾಫೆಲ್, ಹುಮ್ಮುಸ್, ಹಣ್ಣು ಎಲ್ಲ ಸಿಗುತ್ತದೆ, ಆದರೆ ಭಾನುವಾರ ಮುಚ್ಚಿರುತ್ತದೆ. ಬೇರೆ ಅಂಗಡಿಗಳೂ ಅಷ್ಟೇ. ಶನಿವಾರವೇ ಹಾಲು ಮೊಸರು ತಂದಿಟ್ಟುಕೊಳ್ಳಿ. ನೀರಿನ ಬಾಟಲಿಗೆ ದುಡ್ಡು ಹಾಕಬೇಡಿ. ನಲ್ಲಿಯಲ್ಲಿ ಬರುವುದೇ ಆಲ್ಪ್ಸ್ ಬೆಟ್ಟದ ಊಟೆ ನೀರು, ಆ ಕಾಲುವೆ 1873ರಿಂದ ಹರಿಯುತ್ತಿದೆ.

ಮೆಟ್ರೋದಲ್ಲಿ ಗೇಟ್ ಇರುವುದಿಲ್ಲ. ಕಾಗದದ ಟಿಕೆಟ್ ಆದರೆ ಮೆಷಿನ್‌ನಲ್ಲಿ ತಪ್ಪದೆ ಮುದ್ರೆ ಹಾಕಿಸಿ.

* * *

ಇಷ್ಟೆಲ್ಲ ಹೇಳಿ ಸಂಗೀತ ಬಿಟ್ಟರೆ ಹೇಗೆ! ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ತುಂಬಾ ಅಗ್ಗ. ಮೊದಲೆಲ್ಲ ಜಾಗ ಹಿಡಿದ ಮೇಲೆ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೋದರೆ ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ, ಅದು ಅಲ್ಲಿನ ರೂಢಿಯಾಗಿತ್ತು. ಅಮ್ಮನವರಿಗೆ ಮೂರು ಗಂಟೆ ನಿಲ್ಲೋದು ಆಗದ ಮಾತು. ನೀವು ಒಂದು ಸಂಜೆ ಹೋಗಿ. ಅವರನ್ನೂ ಮಗನನ್ನೂ ಹಗಲು ಹೊತ್ತಿನ ಗೈಡೆಡ್ ಟೂರ್‌ಗೆ ಕರೆದುಕೊಂಡು ಹೋಗಿ. ತಾಲೀಮು ಇರುವ ದಿನ ಸಮಯ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ.