ಡೀಸೆಲ್ ಪಂಪ್ ಹೋಗಿದೆ ಅಂತಾರೆ, ನಾನೇ ಬದಲಾಯಿಸಬಹುದಾ?

ಪ್ರಶ್ನೆ:
ನಮಸ್ಕಾರ ಅಣ್ಣ. ನನ್ನದು ಆರು ಸಿಲಿಂಡರಿನ ಹಳೆಯ ಲಾರಿ. ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಕೊಡುವ ಹೊಸ ಬಗೆ) ಅಲ್ಲ, ಮೇಲೆ ಸಾಲಾಗಿ ಆರು ಪೈಪ್ ಹೊರಡುವ ಹಳೇ ಪಂಪ್. ಖಾಲಿ ಓಡಿಸಿದರೆ ಏನೂ ಗೊತ್ತಾಗಲ್ಲ. ಲೋಡ್ ಹಾಕಿಕೊಂಡು ಏರು ಹತ್ತುವಾಗ ಅರ್ಧ ದಾರಿಗೆ ಪಿಕಪ್ ಸತ್ತುಹೋಗುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆಯಲ್ಲ. ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆಯಬೇಕು. ಒಬ್ಬ ಮೆಕ್ಯಾನಿಕ್ ನೋಡಿ 'ಪಂಪ್ ಹೋಗಿದೆ, ಪೂರ್ತಿ ಬದಲಾಯಿಸಿ' ಅಂದರು. ಕ್ಲಚ್ ಪ್ಲೇಟ್, ಬ್ರೇಕ್ ಲೈನರ್ ಎಲ್ಲ ನಾನೇ ಹಾಕಿದ್ದೇನೆ. ಪಂಪ್ ಕೂಡ ನಾನೇ ಬದಲಾಯಿಸಬಹುದಾ?

ಉತ್ತರ:
ಬದಲಾಯಿಸಬಹುದು. ಆದರೆ ಯಾವ ಪಂಪ್? ನಿಮ್ಮ ಗಾಡಿಯಲ್ಲಿ ಎರಡಿವೆ. ಒಂದು ಫೀಡ್ ಪಂಪ್, ಮುಷ್ಟಿಯಷ್ಟು ದೊಡ್ಡದು. ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿಗೆ ತಳ್ಳುತ್ತದೆ. ಕೈಯಲ್ಲಿ ಒತ್ತುವ ಪ್ರೈಮರ್ ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ. ಇನ್ನೊಂದು ದೊಡ್ಡ ಪಂಪ್, ನಾವು ಎಫ್‌ಐಪಿ (ಫ್ಯೂಯೆಲ್ ಇಂಜೆಕ್ಷನ್ ಪಂಪ್) ಅನ್ನುವುದು. ಪ್ರತಿ ಸಿಲಿಂಡರಿಗೂ ಅಳೆದು, ಸರಿಯಾದ ಸಮಯಕ್ಕೆ, ಒಳಗೆ ಡೀಸೆಲ್ ಸಿಂಪಡಿಸುವ ನಾಜಲ್ಲಿಗೆ ಹೊಡೆಯುವುದು ಅದರ ಕೆಲಸ. ಫೀಡ್ ಪಂಪ್ ಅದರ ಪಕ್ಕೆಗೇ ಬೋಲ್ಟ್ ಆಗಿರುವುದರಿಂದ ಎರಡನ್ನೂ ಸೇರಿಸಿ 'ಪಂಪ್' ಅಂದುಬಿಡುತ್ತಾರೆ.

ಫೀಡ್ ಪಂಪ್ ನೀವೇ ಹಾಕಬಹುದು, ಅರ್ಧ ದಿನದ ಕೆಲಸ. ಎಫ್‌ಐಪಿ ಬಿಚ್ಚುವುದೂ ನಿಮ್ಮ ಕೈಲಿ ಆದೀತು, ಆದರೆ ಸರಿ ಮಾಡುವುದು ಆಗಲ್ಲ. ಅದರೊಳಗೆ ಡೀಸೆಲ್ ತಳ್ಳುವ ಪ್ಲಂಜರಿಗೂ ಅದು ಆಡುವ ಬ್ಯಾರಲ್ಲಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಆರೂ ಸಿಲಿಂಡರಿಗೆ ಸಮ ಡೀಸೆಲ್ ಹೋಗುತ್ತಿದೆಯಾ ಅಂತ ಟೆಸ್ಟ್ ಬೆಂಚಿಗೆ (ಪಂಪನ್ನು ಓಡಿಸಿ ಅಳೆಯುವ ಯಂತ್ರಕ್ಕೆ) ಕಟ್ಟಿಯೇ ನೋಡಬೇಕು. ವಾಪಸ್ ಕೂರಿಸುವಾಗ ಟೈಮಿಂಗ್ ಮಾರ್ಕ್ ಒಂದು ಹಲ್ಲು ತಪ್ಪಿದರೂ ಇಂಜಿನ್ ಬಡಿಯುತ್ತದೆ, ಇಲ್ಲ ಸ್ಟಾರ್ಟೇ ಆಗಲ್ಲ.

ನಾನು ಬೆಂಚಿನ ಮೇಲೆ ಕೆಲಸ ಮಾಡುವವನು. 'ಹೋಗಿದೆ' ಅಂತ ಬಿಚ್ಚಿ ತಂದ ಎಷ್ಟೋ ಪಂಪುಗಳು ಬೆಂಚಿನ ಮೇಲೆ ಚೆನ್ನಾಗೇ ಓಡುತ್ತವೆ. ಅವಕ್ಕೆ ಡೀಸೆಲ್ಲೇ ಸರಿಯಾಗಿ ಬರುತ್ತಿರುವುದಿಲ್ಲ ಅಷ್ಟೇ. ನಿಮ್ಮ ಲಕ್ಷಣ ಕೇಳಿದರೆ ನನಗೆ ಅನುಮಾನ ಅದರ ಮೇಲೇ. ಹಾಗಾಗಿ ಸ್ಪಾನರ್ ಹಿಡಿಯುವ ಮೊದಲು ಕೆಲವು ನೋಡಿ.

ಮುಂದಿನ ಸಲ ಪಿಕಪ್ ಸತ್ತಾಗ ಗಾಡಿ ಪಕ್ಕಕ್ಕೆ ಹಾಕಿ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ. 'ಸುಸ್' ಅಂತ ಗಾಳಿ ಒಳಗೆ ಎಳೆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಡೀಸೆಲ್ ಫಿಲ್ಟರ್ ಹಾಕಿ ಎಷ್ಟು ದಿನ ಆಯ್ತು? ನೆನಪಿಲ್ಲ ಅಂದರೆ ಹೊಸದು ಹಾಕಿ. ಫೀಡ್ ಪಂಪಿನ ಬಾಯಲ್ಲಿ ಚಿಕ್ಕ ಜಾಲರಿ ಇದ್ದರೆ ತೆಗೆದು ತೊಳೆಯಿರಿ.

ಆಮೇಲೆ ಮುಖ್ಯವಾದದ್ದು, ಗಾಳಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಪೈಪಿನಲ್ಲಿ ಇರುವುದು ಎಳೆತ, ಒತ್ತಡ ಅಲ್ಲ. ಅಲ್ಲಿ ಸೀಳು ಬಿದ್ದರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣಲ್ಲ. ರಾತ್ರಿಯೆಲ್ಲ ನಿಂತರೆ ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಬಿಡುತ್ತದೆ, ಬೆಳಿಗ್ಗೆ ನೀವು ಸೆಲ್ಫ್ ಹೊಡೆಯುತ್ತಾ ಕೂರಬೇಕು. ಫೀಡ್ ಪಂಪಿಗೆ ಬರುವ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಸೇರಿಸಿ ಇಂಜಿನ್ ಓಡಿಸಿ ನೋಡಿ. ಗುಳ್ಳೆಗಳ ಸಾಲು ಓಡುತ್ತಿದ್ದರೆ ಕಳ್ಳ ಸಿಕ್ಕ ಹಾಗೆ.

ಕೊನೆಗೆ ಇಂಜಿನ್ ಆಯಿಲ್ಲಿನ ಡಿಪ್ ಸ್ಟಿಕ್ ಎಳೆದು ಮೂಸಿ ನೋಡಿ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸಲೇ ಬೇಡಿ, ಇಲ್ಲಿ ಬರೆಯಿರಿ.

ಕೇಳಿದವರು:
ಅಣ್ಣ, ಗುಳ್ಳೆ ಸಿಕ್ಕಿತು! ಟ್ಯಾಂಕಿನ ಹತ್ತಿರ ರಬ್ಬರ್ ಪೈಪ್ ಕ್ಲಿಪ್ಪಿನ ಕೆಳಗೇ ಸೀಳಿತ್ತು. ಬದಲಾಯಿಸಿದೆ. ಬೆಳಿಗ್ಗೆ ಈಗ ಒಂದೇ ಸಲಕ್ಕೆ ಸ್ಟಾರ್ಟ್. ಆದರೆ ಏರಿನಲ್ಲಿ ಪಿಕಪ್ ಇನ್ನೂ ಕಮ್ಮಿ. ಫಿಲ್ಟರ್ ಹೊಸದು, ಜಾಲರಿ ಸ್ವಚ್ಛ, ಮುಚ್ಚಳ ಸರಿ ಇದೆ. ಡಿಪ್ ಸ್ಟಿಕ್ ನೋಡಿ ಗಾಬರಿ ಆಯ್ತು. ಮೇಲಿನ ಗೆರೆಗಿಂತ ಒಂದು ಬೆರಳು ಜಾಸ್ತಿ, ಆಯಿಲ್ ನೀರಾಗಿದೆ, ಡೀಸೆಲ್ ವಾಸನೆ.

ಉತ್ತರ:
ಹಾಗಾದರೆ ಎರಡು ದೋಷ ಇದ್ದವು. ಒಂದು ಹೋಯಿತು. ಫೀಡ್ ಪಂಪಿನ ಪಿಸ್ಟನ್ನನ್ನು ತಳ್ಳುವ ಕಡ್ಡಿಯ ಸುತ್ತ ಸವೆದರೆ ಡೀಸೆಲ್ ಎಫ್‌ಐಪಿ ಕ್ಯಾಮ್ (ತಿರುಗುತ್ತಾ ಆ ಕಡ್ಡಿಯನ್ನು ತಳ್ಳುವ ಉಬ್ಬು) ಇರುವ ಕಡೆ ಜಿನುಗುತ್ತದೆ, ಅಲ್ಲಿಂದ ಇಂಜಿನ್ ಆಯಿಲ್ಲಿಗೆ. ಒತ್ತಡವೂ ಬೀಳುತ್ತದೆ. ಡೀಸೆಲ್ ಬೇರೆ ಕಡೆಯಿಂದಲೂ ಆಯಿಲ್ಲಿಗೆ ಸೇರಬಹುದು. ಆದರೆ ಪಿಕಪ್ಪೂ ಕಮ್ಮಿ ಇರುವುದರಿಂದ ಮೊದಲು ಫೀಡ್ ಪಂಪ್ ಬದಲಾಯಿಸಿ. ಆಯಿಲ್ಲೂ ಆಯಿಲ್ ಫಿಲ್ಟರೂ ಹೊಸದಾಗದೆ ಇಂಜಿನ್ ಸ್ಟಾರ್ಟ್ ಮಾಡಬೇಡಿ. ತೆಳ್ಳಗಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಮಟ್ಟ ತೀರಾ ಏರಿದರೆ ಇಂಜಿನ್ ಆ ಆಯಿಲ್ಲನ್ನೇ ಎಳೆದುಕೊಂಡು ಉರಿಸಿ ಹತೋಟಿ ತಪ್ಪಿ ಓಡಲೂಬಹುದು. ಆಗ ಕೀ ತಿರುಗಿಸಿದರೂ ನಿಲ್ಲಲ್ಲ.

ಈಗ ಕೆಲಸಕ್ಕೆ ಬರೋಣ. ಇಂಜಿನ್ ತಣ್ಣಗಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಬ್ಯಾಟರಿ ನೆಗೆಟಿವ್ ತೆಗೆಯಿರಿ. ಒಂದೇ ಒಂದು ನಟ್ ಬಿಚ್ಚುವ ಮೊದಲು ಪಂಪಿನ ಸುತ್ತ ಬ್ರಷ್ ಹಾಕಿ ತೊಳೆದು ಒರೆಸಿ. ಇದನ್ನು ಯಾರೂ ಮಾಡಲ್ಲ. ಒಂದು ಮರಳು ಕಾಳು ಒಳಗೆ ಹೋದರೆ ಸಾಕು, ಹೊಸ ಪಂಪ್ ಹಾಕಿ ಹಳೇ ಎಫ್‌ಐಪಿ ಕೆಡಿಸಿಕೊಂಡ ಹಾಗಾಗುತ್ತದೆ. ಬಿಚ್ಚಿದ ಬಾಯಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಬಟ್ಟೆ ತುರುಕಬೇಡಿ, ದಾರ ಉದುರುತ್ತದೆ. ಟೆಫ್ಲಾನ್ ಟೇಪ್ ಅಂತೂ ಡೀಸೆಲ್ ಲೈನಿನ ಹತ್ತಿರ ತರಲೇಬೇಡಿ. ಅದರ ಚೂರು ನಾಜಲ್ಲಿನಲ್ಲಿ ಹೋಗಿ ಕೂರುತ್ತದೆ.

ಹಳೇ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆಯಿರಿ, ಚೂರು ಒಳಗೆ ಬೀಳದ ಹಾಗೆ. ಹೊಸ ಪಂಪಿನಲ್ಲಿ ಕ್ಯಾಮ್ ಮೇಲೆ ಉರುಳುವ ರೋಲರಿಗೆ ಸ್ವಲ್ಪ ಇಂಜಿನ್ ಆಯಿಲ್ ಸವರಿ. ಕೂರಿಸುವಾಗ ಸ್ಪ್ರಿಂಗ್ ಜಾಸ್ತಿ ಎದುರೊತ್ತಿದರೆ ಕ್ಯಾಮ್ ಎತ್ತರದಲ್ಲಿದೆ ಅಂತ ಅರ್ಥ. ಇಂಜಿನ್ನನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ ತಗ್ಗಿಗೆ ತನ್ನಿ, ಸುಮ್ನೆ ಕೂರುತ್ತದೆ. ಒಂದೇ ನಟ್ ಬಿಗಿ ಮಾಡಿ ಎಳೆದರೆ ಪಂಪಿನ ಕಿವಿ ಮುರಿಯುತ್ತದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪೈಪಿನ ಬೋಲ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ. ತಾಮ್ರದ ವಾಷರ್ ಎಲ್ಲ ಹೊಸದು.

ಇನ್ನು ಏರ್ ಬಿಡಿಸುವುದು. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲ ಮಾಡಿ ಪ್ರೈಮರ್ ಒತ್ತುತ್ತಾ ಇರಿ. ಮೊದಲು ಬರೀ ಗಾಳಿ, ಆಮೇಲೆ ಮಜ್ಜಿಗೆಯ ನೊರೆ ಹಾಗೆ ಬೆಳ್ಳಗೆ, ಆಮೇಲೆ ಸ್ವಚ್ಛ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಎಫ್‌ಐಪಿ ಮೇಲಿನ ಸ್ಕ್ರೂಗೂ ಹೀಗೇ. ಪ್ರೈಮರ್ ಗಟ್ಟಿಯಾದರೆ ಗಾಳಿ ಹೋಯಿತು. ಪ್ರೈಮರಿನ ಹಿಡಿಯನ್ನು ಕೆಳಗೊತ್ತಿ ತಿರುಗಿಸಿ ಲಾಕ್ ಮಾಡಿ, ಮರೆತರೆ ಅಲ್ಲೇ ಮತ್ತೆ ಗಾಳಿ ಎಳೆಯುತ್ತದೆ. ಆಮೇಲೆ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ 15 ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಒಂದೆರಡು ನಿಮಿಷ ಬಿಡಿ. ಸ್ಟಾರ್ಟ್ ಆಗದಿದ್ದರೆ ನಾಜಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ, ಬೇರೆಯವರಿಂದ ಸೆಲ್ಫ್ ಹೊಡೆಸಿ, ಡೀಸೆಲ್ ಬಂದ ಕೂಡಲೇ ಸೆಲ್ಫ್ ನಿಲ್ಲಿಸಿ ಬಿಗಿ ಮಾಡಿ. ಕನ್ನಡಕ ಹಾಕಿಕೊಳ್ಳಿ. ಸೆಲ್ಫ್ ತಿರುಗುವಾಗ ಕೈ ಅಲ್ಲಿರಬಾರದು.

ಇನ್ನೊಬ್ಬ ಸದಸ್ಯರು:
ಸರ್, ನನ್ನದು ಕಾಮನ್ ರೈಲ್ ಗಾಡಿ. ಸ್ಕ್ಯಾನರಿನಲ್ಲಿ 'ರೈಲ್ ಪ್ರೆಶರ್ ಕಮ್ಮಿ' ಅಂತ ಬರುತ್ತಿದೆ. ಹೈ ಪ್ರೆಶರ್ ಪಂಪ್ ಹೀಗೇ ಮನೆಯಲ್ಲಿ ಹಾಕಬಹುದಾ? ನಾಜಲ್ ನಟ್ ಸಡಿಲಿಸಿ ಏರ್ ತೆಗೆಯಬಹುದಾ?

ಉತ್ತರ:
ನಟ್ ಮುಟ್ಟಲೇಬೇಡಿ! ಮೇಲೆ ಬರೆದದ್ದು ಹಳೇ ಪಂಪಿಗೆ ಮಾತ್ರ. ಕಾಮನ್ ರೈಲಿನಲ್ಲಿ 1,600 ಬಾರ್, ಕೆಲವದರಲ್ಲಿ 2,000 ಬಾರ್ ದಾಟುವ ಒತ್ತಡ ಇರುತ್ತದೆ. ಸೂಜಿ ಮೊನೆಯಷ್ಟು ಸಂದಿನಿಂದ ಬಂದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದ ಹಾಗೆ ಕಾಣುತ್ತದೆ, ನೋವೂ ಮೊದಲು ಅಷ್ಟಿರಲ್ಲ, ಆದರೆ ಒಳಗೆ ಮಾಂಸ ಸಾಯುತ್ತದೆ. ಹಾಗಾದರೆ ನೇರ ಆಸ್ಪತ್ರೆಗೆ ಹೋಗಿ 'ಒತ್ತಡದ ಡೀಸೆಲ್ ಒಳಗೆ ಹೋಗಿದೆ' ಅಂತಲೇ ಹೇಳಬೇಕು, ಬರೀ ಗಾಯ ಅನ್ನಬೇಡಿ. ಸೋರಿಕೆ ಹುಡುಕಲು ರಟ್ಟು ಹಿಡಿಯಿರಿ, ಕೈ ಅಲ್ಲ.

ಆ ಕೋಡ್ ಬಂದರೆ ಪಂಪೇ ಹೋಗಿದೆ ಅಂತೇನಿಲ್ಲ. ಫಿಲ್ಟರ್ ಕಟ್ಟಿದರೂ, ಟ್ಯಾಂಕಿನ ಕಡೆಯ ಪಂಪ್ ಸೋತರೂ, ಇಂಜೆಕ್ಟರ್ (ನಾಜಲ್) ರಿಟರ್ನಿಗೆ, ಅಂದರೆ ಟ್ಯಾಂಕಿಗೆ ವಾಪಸ್ ಹೋಗುವ ಪೈಪಿಗೆ, ಜಾಸ್ತಿ ಡೀಸೆಲ್ ಬಿಟ್ಟರೂ, ಪಂಪಿಗೆ ಹೋಗುವ ಡೀಸೆಲ್ ಅಳೆಯುವ ವಾಲ್ವ್ ಸಿಕ್ಕಿಕೊಂಡರೂ ಅದೇ ಕೋಡ್. ರಿಟರ್ನ್ ಅಳೆಸಿ. ಹಳೇ ಫಿಲ್ಟರ್ ಕತ್ತರಿಸಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿ ಪುಡಿ ಹಾಗೆ ಮಿನುಗಿದರೆ ಪಂಪ್ ಒಳಗೇ ಸವೆದು ಪುಡಿಯಾಗುತ್ತಿದೆ. ಆಗ ಪಂಪ್ ಒಂದೇ ಬದಲಾಯಿಸಿ ಪ್ರಯೋಜನ ಇಲ್ಲ, ಆ ಪುಡಿ ರೈಲು, ಇಂಜೆಕ್ಟರ್, ಟ್ಯಾಂಕು ಎಲ್ಲ ಕಡೆ ಸೇರಿರುತ್ತದೆ. ಅದನ್ನು ವರ್ಕ್‌ಶಾಪಿಗೆ ಬಿಡಿ.

ಕೇಳಿದವರು:
ಅಣ್ಣ, ಪಂಪ್ ಹಾಕಿದೆ, ಆಯಿಲ್ ಬದಲಾಯಿಸಿದೆ. ಎರಡನೇ ಸೆಲ್ಫಿಗೆ ಸ್ಟಾರ್ಟ್! ಲೋಡ್ ಹಾಕಿ ಅದೇ ಏರು ಹತ್ತಿಸಿದೆ, ಮೊದಲಿಗಿಂತ ಒಂದು ಮೇಲಿನ ಗೇರಿನಲ್ಲೇ ಎಳೆಯಿತು. ಆಯಿಲ್ ಮಟ್ಟವೂ ಏರಿಲ್ಲ. ಒಂದೇ ತೊಂದರೆ, ಫಿಲ್ಟರಿಗೆ ಹೋಗುವ ಪೈಪಿನ ಬೋಲ್ಟಿನ ಹತ್ತಿರ ಸಣ್ಣಗೆ ಒದ್ದೆ ಇದೆ. ಎರಡು ಸಲ ಬಿಗಿ ಮಾಡಿದರೂ ನಿಂತಿಲ್ಲ. ಇನ್ನಷ್ಟು ಎಳೆಯಲಾ?

ಉತ್ತರ:
ಎಳೆಯಬೇಡಿ. ಆ ಬೋಲ್ಟ್ ಒಳಗೆ ಟೊಳ್ಳು, ಕುತ್ತಿಗೆ ಕತ್ತರಿಸಿಕೊಳ್ಳುತ್ತದೆ. ಬಿಚ್ಚಿ, ಎರಡೂ ಮುಖ ಒರೆಸಿ, ಪೈಪಿನ ಕಣ್ಣಿಗೆ (ಬೋಲ್ಟ್ ತೂರುವ ಉಂಗುರಕ್ಕೆ) ಹಳೇ ವಾಷರ್ ಅಂಟಿಕೊಂಡಿದೆಯಾ ನೋಡಿ. ಕಪ್ಪಾಗಿ ಪೈಪಿನ ಬಣ್ಣಕ್ಕೇ ಸೇರಿಬಿಟ್ಟಿರುತ್ತದೆ, ಉಗುರಲ್ಲಿ ಕೆರೆದರೆ ಗೊತ್ತಾಗುತ್ತದೆ.

ಕೇಳಿದವರು:
ಅಂಟಿಕೊಂಡಿತ್ತು ಅಣ್ಣ. ಅದರ ಮೇಲೇ ಹೊಸದನ್ನು ಇಟ್ಟು ಕೂರಿಸಿದ್ದೆ. ಕಿತ್ತು ಹಾಕಿದೆ, ಈಗ ಒಣಗಿದೆ.