ಹೋತದ ಕೊಂಬಿನ ಹಿಂದಿನ ಜಿಡ್ಡು: ಕಜ್ಜಿಯೋ, ಗ್ರಂಥಿಯೋ?

ಪ್ರಶ್ನೆ (ಶಿರಾ ಕಡೆಯ ಮೇಕೆ ಸಾಕಣೆದಾರರು): ನಮಸ್ಕಾರ ಮೇಡಂ. ಒಂದೂವರೆ ವರ್ಷದ ಬೀಜದ ಹೋತ ಇಟ್ಟುಕೊಂಡಿದ್ದೇನೆ. ಈಚೆಗೆ ಅದರ ಕೊಂಬಿನ ಬುಡದ ಹಿಂದೆ ಚರ್ಮ ದಪ್ಪಗಾಗಿ ಸುಕ್ಕುಗಟ್ಟಿದೆ. ಕೂದಲು ಅಂಟಂಟಾಗಿದೆ. ಮುಟ್ಟಿದರೆ ಸೋಪು ಹಾಕಿದರೂ ಕೈಯ ನಾತ ಹೋಗಲ್ಲ. ಪಕ್ಕದವರು ಕಜ್ಜಿ ಅಂತಾರೆ, ಇಂಜೆಕ್ಷನ್ ಹಾಕಿಸು ಅಂತಾರೆ. ಹಾಕಿಸಲಾ?

ಪಶುವೈದ್ಯೆ: ತಡೀರಿ ಅಣ್ಣ, ಇಂಜೆಕ್ಷನ್ ಈಗಲೇ ಬೇಡ. ನೀವು ಹೇಳಿದ ಜಾಗ ನೋಡಿದರೆ ಅದು ವಾಸನೆ ಗ್ರಂಥಿ ಇರುವ ಜಾಗ. ಹಗಲು ಬೆಳಕಿನಲ್ಲಿ ಹೋತವನ್ನು ಕಟ್ಟಿ, ಕೂದಲು ಬಿಡಿಸಿ ನೋಡಿ. ಕೊಂಬಿನ ಬುಡದ ಹಿಂಭಾಗದಲ್ಲಿ, ನಡುನೆತ್ತಿಯ ಕಡೆಗೆ ವಾಲಿದಂತೆ, ಚರ್ಮ ಮಡಿಕೆ ಮಡಿಕೆಯಾಗಿ ಹೊಳೆಯುತ್ತಿರುತ್ತದೆ. ಎರಡು ಬೆರಳಲ್ಲಿ ಹಿಡಿದರೆ ಸುತ್ತಲ ಚರ್ಮಕ್ಕಿಂತ ದಪ್ಪ ಅನ್ನುವುದು ಗೊತ್ತಾಗುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಥರ ಇದ್ದರೆ ಅದು ಗ್ರಂಥಿಯೇ.

ಕಜ್ಜಿ ಹೀಗಿರಲ್ಲ. ಅದರಲ್ಲಿ ಹಕ್ಕಳೆ ಕಟ್ಟುತ್ತದೆ, ಕೆರೆದು ಕೆರೆದು ಗಾಯವಾಗುತ್ತದೆ, ಕಿವಿಗೆ, ಮೂತಿಗೆ, ಕಾಲಿಗೆ ಹರಡುತ್ತದೆ, ಕೊಟ್ಟಿಗೆಯ ಬೇರೆ ಮೇಕೆಗಳಿಗೂ ಬರುತ್ತದೆ. ಬೆದೆಯ ಹೋತ ತಲೆಯನ್ನು ಕಂಬಕ್ಕೆ ಉಜ್ಜುವುದು ಸಹಜ. ಅದೊಂದನ್ನೇ ನೋಡಿ ಕಜ್ಜಿ ಅನ್ನಬೇಡಿ. ಗಂಡಸುತನದ ಹಾರ್ಮೋನು, ಅಂದರೆ ಟೆಸ್ಟೋಸ್ಟೆರಾನ್, ಏರಿದಂತೆ ಈ ಗ್ರಂಥಿ ಉಬ್ಬುತ್ತದೆ. ಒಂದೂವರೆ ವರ್ಷಕ್ಕೆ ಉಬ್ಬಿದ್ದರೆ ಹೋತ ಚೆನ್ನಾಗಿ ಬೆಳೆದಿದೆ ಅಂತಲೇ ಅರ್ಥ.

ಪ್ರಶ್ನೆ (ಕುರಿ ಸಾಕುವವರು): ಹೆಣ್ಣಿಗೆ ಇರಲ್ವಾ? ಕುರಿಗೆ?

ಪಶುವೈದ್ಯೆ: ಹೆಣ್ಣು ಮೇಕೆಗೂ ಅದೇ ಜಾಗದಲ್ಲಿ ಇದೆ, ತೀರಾ ಚಿಕ್ಕದು, ಕಣ್ಣಿಗೆ ಬೀಳಲ್ಲ. ಹುಟ್ಟಾ ಕೊಂಬಿಲ್ಲದ ಮೇಕೆಗೂ ಇರುತ್ತದೆ. ಬಾಲದ ಕೆಳಗೂ ಇಂಥ ಗ್ರಂಥಿಗಳಿವೆ. ಕುರಿಯ ವಿಷಯ ಬೇರೆ. ಅದಕ್ಕೆ ಕಣ್ಣಿನ ಮುಂದೆ, ಗೊರಸಿನ ಸಂದಿಯಲ್ಲಿ, ತೊಡೆಸಂದಿಯಲ್ಲಿ ಗ್ರಂಥಿಗಳಿವೆ. ಕುರಿಯ ಕಣ್ಣಿನ ಮುಂದಿನ ಗ್ರಂಥಿಯನ್ನು ಮೇಕೆಯಲ್ಲಿ ಹುಡುಕಿದರೆ ಸಿಗಲ್ಲ.

ಪ್ರಶ್ನೆ (ಪಶುವೈದ್ಯಕೀಯ ವಿದ್ಯಾರ್ಥಿ): ಮೇಡಂ, ಸ್ಲೈಡಿನಲ್ಲಿ ಇದು ಮಾಮೂಲಿ ಸೆಬೇಶಿಯಸ್ ಗ್ರಂಥಿಯ (ಚರ್ಮಕ್ಕೆ ಜಿಡ್ಡು ಸುರಿಸುವ ಗ್ರಂಥಿ) ಹಾಗೇ ಕಾಣುತ್ತದೆ. ಬೇರೆ ಅಂತ ಗುರುತಿಸೋದು ಹೇಗೆ?

ಪಶುವೈದ್ಯೆ: ಒಳ್ಳೆಯ ಪ್ರಶ್ನೆ ಕಣಪ್ಪ. ಜಾತಿಯಲ್ಲಿ ಅದು ಸೆಬೇಶಿಯಸ್ಸೇ. ವ್ಯತ್ಯಾಸ ಇರುವುದು ಗಾತ್ರದಲ್ಲಿ, ಕವಲುಗಳಲ್ಲಿ. ಬೆನ್ನಿನ ಚರ್ಮದಲ್ಲಿ ಕೂದಲಿನ ಪಕ್ಕ ಸಣ್ಣದೊಂದು ಚೀಲ ಕಾಣುತ್ತದಲ್ವಾ? ಇಲ್ಲಿ ಹಾಗಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಹಾಲೆಗಳು ಒತ್ತೊತ್ತಾಗಿ ಡರ್ಮಿಸ್ಸಿನ, ಅಂದರೆ ಚರ್ಮದ ಒಳಪದರದ, ಒಳಗೆ ಇಳಿದಿರುತ್ತವೆ. ನಡುನಡುವೆ ತೆಳ್ಳಗಿನ ಸಂಯೋಜಕ ಅಂಗಾಂಶದ ಪದರ, ಅದರಲ್ಲಿ ರಕ್ತನಾಳಗಳು.

ಒಂದು ಹಾಲೆಯನ್ನು ಹಿಡಿದು ಅಂಚಿನಿಂದ ನಡುವಿಗೆ ನಿಧಾನ ಬಾ. ಅಂಚಿನಲ್ಲಿ ಚಪ್ಪಟೆ, ಚಿಕ್ಕ ಕೋಶಗಳು, ನ್ಯೂಕ್ಲಿಯಸ್ ಕಪ್ಪಗೆ. ಇವು ಒಡೆದು ಎರಡಾಗುತ್ತಾ ಹೊಸ ಕೋಶಗಳನ್ನು ಒಳಕ್ಕೆ ತಳ್ಳುತ್ತವೆ. ಒಳಗೆ ಹೋದಂತೆ ಕೋಶ ಊದಿಕೊಳ್ಳುತ್ತದೆ, ಕೊಬ್ಬಿನ ಹನಿ ತುಂಬಿ ನೊರೆನೊರೆ ಕಾಣುತ್ತದೆ, ನ್ಯೂಕ್ಲಿಯಸ್ ಮುದುಡುತ್ತದೆ. ನಡುವಿಗೆ ಬರುವಷ್ಟರಲ್ಲಿ ಇಡೀ ಕೋಶವೇ ಒಡೆದು ಜಿಡ್ಡಾಗುತ್ತದೆ. ಹೋಲೋಕ್ರೈನ್ ಸ್ರಾವ ಅನ್ನುವುದು ಇದನ್ನೇ. ಆ ಜಿಡ್ಡು ನಾಳದ ಮೂಲಕ ಕೂದಲಿನ ಗುಳಿಗೆ ಬಂದು, ಕೂದಲ ಗುಂಟ ಮೇಲಕ್ಕೆ ಏರುತ್ತದೆ. ಸುರುಳಿ ಸುತ್ತಿದ ಅಪೋಕ್ರೈನ್ ಬೆವರು ಗ್ರಂಥಿಗಳೂ ಅಲ್ಲೇ ಇರುತ್ತವೆ. ಅವುಗಳ ಒಳಗೆ ಟೊಳ್ಳು ಇರುತ್ತದೆ, ಸೆಬೇಶಿಯಸ್ ಹಾಲೆ ಕೋಶಗಳಿಂದ ತುಂಬಿರುತ್ತದೆ.

ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಕೊಯ್ದ ಸ್ಲೈಡಿನಲ್ಲಿ ಕೊಬ್ಬು ಕಾಣಲ್ಲ. ಆಲ್ಕೋಹಾಲ್, ಕ್ಸೈಲೀನ್‌ನಲ್ಲಿ ಕರಗಿ ಹೋಗಿ ಖಾಲಿ ಜಾಗ ಮಾತ್ರ ಉಳಿದಿರುತ್ತದೆ. ಕೊಬ್ಬೇ ಕಾಣಬೇಕು ಅಂದರೆ ಫ್ರೋಜನ್ ಸೆಕ್ಷನ್ ಮಾಡಿ (ಹೆಪ್ಪುಗಟ್ಟಿಸಿ ಕೊಯ್ದು) ಆಯಿಲ್ ರೆಡ್ ಓ ಅನ್ನುವ, ಕೊಬ್ಬಿಗೆ ಹಿಡಿಯುವ ಬಣ್ಣ ಹಾಕು. ಕೆಂಪಗೆ ಎದ್ದು ಬರುತ್ತದೆ. ಬೀಜ ಒಡೆಸಿದ ಹೋತದ್ದನ್ನೂ ಪಕ್ಕದಲ್ಲಿಟ್ಟು ನೋಡು. ಹಾಲೆಗಳು ಕುಗ್ಗಿರುತ್ತವೆ. ಹಾರ್ಮೋನಿನ ಕೆಲಸ ಆಗ ಪುಸ್ತಕವಿಲ್ಲದೆಯೇ ಅರ್ಥವಾಗುತ್ತದೆ.

ಪ್ರಶ್ನೆ (ಮೇಕೆ ಹಾಲು ಮಾರುವವರು): ಗಿರಾಕಿಗಳು ಹಾಲು ನಾತ ಅಂತಾರೆ. ಹೋತದ ಗ್ರಂಥಿ ಸುಡಿಸಿಬಿಡಲಾ ಅಕ್ಕ?

ಪಶುವೈದ್ಯೆ: ಬೇಡಿ ಅಣ್ಣ. ಇದರಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ವಾಸನೆ ಕೊಳೆಯಲ್ಲ, ಹೋತದ ಕೆಲಸದ ಭಾಗ. 2014ರಲ್ಲಿ ಜಪಾನಿನ ವಿಜ್ಞಾನಿಗಳು ಹೋತಗಳ ತಲೆಗೆ ಟೋಪಿಯಂಥ ಸಾಧನ ಕಟ್ಟಿ, ಅಲ್ಲಿಂದ ಹೊರಡುವ ಆವಿಯನ್ನು ಹಿಡಿದರು. ಬೀಜ ಒಡೆಸಿದವುಗಳ ಆವಿಯ ಜೊತೆ ಹೋಲಿಸಿದರು. 4-ಈಥೈಲ್ ಆಕ್ಟನ್ಯಾಲ್ (4-ethyloctanal) ಅನ್ನುವ ವಸ್ತು ಸಿಕ್ಕಿತು. ಅದನ್ನು ಮೂಸಿದ ಹೆಣ್ಣು ಮೇಕೆಯ ಮೆದುಳಿನಲ್ಲಿ ಸಂತಾನದ ಹಾರ್ಮೋನುಗಳನ್ನು ನಡೆಸುವ ಕೇಂದ್ರ ಚುರುಕಾಗುತ್ತದೆ. ಅದೇ ವಸ್ತು ಗಾಳಿಗೆ ಬದಲಾಗಿ 4-ಈಥೈಲ್ ಆಕ್ಟನಾಯಿಕ್ ಆಮ್ಲವಾಗುತ್ತದೆ. ನಾವು ಹೋತದ ನಾತ ಅನ್ನುವುದರಲ್ಲಿ ಅದೇ ಮುಖ್ಯ. ದೂರ ಇಟ್ಟಿದ್ದ ಹೋತವನ್ನು ಮಂದೆಗೆ ಬಿಟ್ಟಾಗ ಹೆಣ್ಣುಗಳು ಒಟ್ಟಿಗೆ ಬೆದೆಗೆ ಬರುವುದರಲ್ಲಿ ಈ ವಾಸನೆಯ ಪಾಲು ದೊಡ್ಡದು.

ಇನ್ನೊಂದು ವಿಷಯ. ಗ್ರಂಥಿ ತೆಗೆದರೂ ಹೋತ ತನ್ನ ಗಡ್ಡಕ್ಕೆ, ಮುಂಗಾಲಿಗೆ ಉಚ್ಚೆ ಹೊಯ್ದುಕೊಳ್ಳುವುದು ನಿಲ್ಲಲ್ಲ. ನಾತ ಪೂರ್ತಿ ಹೋಗಲ್ಲ. ಕಬ್ಬಿಣ ಕಾಯಿಸಿ ಸುಡುವುದು ಇನ್ನೂ ಅಪಾಯ. ಕೆಳಗೆ ನೇರ ತಲೆಬುರುಡೆ. ಮರಿಗಳಲ್ಲಿ ಅದು ತೆಳ್ಳಗಿರುತ್ತದೆ, ಶಾಖ ಮೆದುಳಿಗೇ ತಾಗಿ ಮರಿ ಸತ್ತದ್ದುಂಟು. ಅರಿವಳಿಕೆ ಇಲ್ಲದೆ, ವೈದ್ಯರಿಲ್ಲದೆ ಯಾರೂ ಇದಕ್ಕೆ ಕೈ ಹಾಕಬಾರದು.

ಹಾಲಿನ ನಾತಕ್ಕೆ ಬೇರೆ ದಾರಿ ಇದೆ. ಹೋತವನ್ನು ಹಾಲಿನ ಮೇಕೆಗಳಿಂದ ದೂರ, ಮೇಕೆಗಳ ಕಡೆಯಿಂದ ಹೋತದ ಕಡೆಗೆ ಗಾಳಿ ಬೀಸುವ ಜಾಗದಲ್ಲಿ ಕಟ್ಟಿ. ಬೆದೆಗೆ ಬಂದ ಮೇಕೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಹೋತ ಮುಟ್ಟಿದ ಕೈಯಲ್ಲಿ ಕೆಚ್ಚಲು ಮುಟ್ಟಬೇಡಿ. ಕೆಚ್ಚಲು ತೊಳೆದು ಒರೆಸಿ ಕರೆಯಿರಿ, ಕರೆದ ಹಾಲನ್ನು ಮುಚ್ಚಿ ಬೇಗ ತಣ್ಣಗೆ ಮಾಡಿ. ಕೊಬ್ಬು ಇರುವ ಹಾಲು ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ಬರೀ ಮಾಂಸಕ್ಕೆ ಸಾಕುವ ಹೋತವಾದರೆ ಚಿಕ್ಕಂದಿನಲ್ಲೇ ಬೀಜ ಒಡೆಸಿ. ಗ್ರಂಥಿ ಹೆಚ್ಚು ಬೆಳೆಯುವುದಿಲ್ಲ.

ಶಿರಾದವರು: ಮೇಡಂ, ಈಗಷ್ಟೇ ಕೂದಲು ಬಿಡಿಸಿ ನೋಡಿದೆ. ಎರಡೂ ಕಡೆ ಒಂದೇ ಥರ ಇದೆ. ಹಕ್ಕಳೆ ಇಲ್ಲ. ಆದರೆ ಬಲಗಿವಿಯ ಒಳಗೆ ಸ್ವಲ್ಪ ಹೊಟ್ಟು.

ಪಶುವೈದ್ಯೆ: ಕೊಂಬಿನ ಹಿಂದಿನದಕ್ಕೆ ಏನೂ ಹಚ್ಚಬೇಡಿ. ಕಿವಿಯ ಹೊಟ್ಟು ಮಾತ್ರ ಬಿಡುವಂಥದ್ದಲ್ಲ, ಅದು ಕಿವಿಯ ನುಸಿಯೂ ಆಗಿರಬಹುದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ನುಸಿ ಕಂಡರೆ ಆಮೇಲೆ ಇಂಜೆಕ್ಷನ್.