ಭದ್ರತಾ ಮಂಡಳಿಯ ಅಣು ನಿರ್ಬಂಧ ಪೀಣ್ಯದವರೆಗೆ ಮುಟ್ಟೋದು ಹೇಗೆ?

ಪೀಣ್ಯ_ಎರಡನೇಹಂತ:
800 ಹರ್ಟ್ಸ್‌ನ ಸ್ಪಿಂಡಲ್ ಡ್ರೈವ್ (ಯಂತ್ರದ ಮೋಟರಿನ ವೇಗ ನಿಯಂತ್ರಿಸುವ ಸಾಧನ), ಕೊಳ್ಳುವವರು ದುಬೈ ಟ್ರೇಡರ್. ಇಂಥದ್ದಕ್ಕೆ ಬ್ಯಾಂಕಿನವರು ಇರಾನ್ ಹೆಸರು ಹೇಳಿ ಮಾಲು ಕೊನೆಗೆ ಯಾರು, ಯಾತಕ್ಕೆ ಬಳಸ್ತಾರೆ ಅನ್ನೋ ಎಂಡ್ ಯೂಸ್ ಪತ್ರ ಕೇಳ್ತಾರೆ. ವಿಶ್ವಸಂಸ್ಥೆಗೆ ಸ್ವಂತ ಕಸ್ಟಮ್ಸೂ ಇಲ್ಲ, ಪೊಲೀಸೂ ಇಲ್ಲ. ಮತ್ತೆ ದೇಶಗಳು ಯಾಕೆ ಅದರ ಮಾತು ಕೇಳ್ತವೆ?

ಸ್ಕೊಮೆಟ್_ಗುಮಾಸ್ತ:
ಚಾರ್ಟರ್‌ನ 25ನೇ ವಿಧಿ ಇದೆ, ಭದ್ರತಾ ಮಂಡಳಿಯ ತೀರ್ಮಾನವನ್ನು ಸದಸ್ಯ ದೇಶಗಳು ಪಾಲಿಸಲೇಬೇಕು ಅಂತ, ಸರಿ. ಆದರೆ ಕೆಲಸ ನಡೆಸೋದು ಪಟ್ಟಿ. 2004ರ 1540ನೇ ನಿರ್ಣಯ ಎಲ್ಲ ದೇಶಗಳೂ ರಫ್ತು ನಿಯಂತ್ರಣ ಕಾನೂನು ಮಾಡಲೇಬೇಕು ಅಂದಿತು; ನಮ್ಮ ಸಾಮೂಹಿಕ ವಿನಾಶ ಅಸ್ತ್ರಗಳ ಕಾಯ್ದೆ ಬಂದದ್ದು 2005ರಲ್ಲಿ. ಪರಮಾಣು ಪೂರೈಕೆದಾರರ ಗುಂಪಿನಲ್ಲಿ ಭಾರತಕ್ಕೆ ಇನ್ನೂ ಜಾಗ ಇಲ್ಲ, ಆದರೂ ಆ ಗುಂಪಿನ ಮಾನದಂಡಗಳು ನಮ್ಮ ಸ್ಕೊಮೆಟ್ ಪಟ್ಟಿಗೆ (ರಫ್ತಿಗೆ ಅನುಮತಿ ಬೇಕಾದ ಮಾಲುಗಳ ಪಟ್ಟಿ) ಬಂದಿವೆ.

ನಿಮ್ಮ ಡ್ರೈವ್‌ಗೆ ನೋಡಬೇಕಾದ್ದು: ಮಲ್ಟಿಫೇಸ್ ಔಟ್‌ಪುಟ್ 40 ವಿಎ ಅಥವಾ ಹೆಚ್ಚು, 600 ಹರ್ಟ್ಸ್ ಅಥವಾ ಹೆಚ್ಚು, ಫ್ರೀಕ್ವೆನ್ಸಿ ನಿಯಂತ್ರಣ 0.2%ಗಿಂತ ನಿಖರ. ಮೂರೂ ಸೇರಿದರೆ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಲೈಸೆನ್ಸ್ ಬೇಕು. ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್ ಯಂತ್ರದ ಮೋಟರು ಸುಮಾರು 1000 ಹರ್ಟ್ಸ್‌ನಲ್ಲಿ ತಿರುಗುತ್ತೆ, ಮಿತಿ ಹುಟ್ಟಿದ್ದು ಅಲ್ಲಿಂದ. ಎಷ್ಟೋ ಡ್ರೈವ್‌ಗಳು 599ಕ್ಕೇ ನಿಲ್ಲೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ! ಆ ಲಾಕ್ ತೆಗೆಯುವ ಸಾಫ್ಟ್‌ವೇರ್ ಕೀಗೂ ನಿಯಂತ್ರಣ ಉಂಟು. ಡ್ರೈವ್ ಡಬ್ಬಿ ಒಂದನ್ನೇ ನೋಡಿ ಮೇಲ್‌ನಲ್ಲಿ ಕೀ ಕಳಿಸಿಬಿಡೋದು ಮಾಮೂಲಿ ತಪ್ಪು.

ಜಿನೀವಾ_ಕಟ್ಟೆ:
ಇರಾನ್ ವಿಷಯದಲ್ಲಿ ಜಾಣತನ ಇದ್ದದ್ದು 2015ರ 2231ನೇ ನಿರ್ಣಯದ ಬರವಣಿಗೆಯಲ್ಲಿ; ಇರಾನ್ ಅಣು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟು ಹಳೇ ನಿರ್ಬಂಧಗಳಿಗೆ ವಿನಾಯಿತಿ ಕೊಟ್ಟದ್ದು ಅದೇ. ವೋಟು ಬೀಳಬೇಕಾದ್ದು 'ವಿನಾಯಿತಿ ಮುಂದುವರಿಯಲಿ' ಅನ್ನೋದಕ್ಕೆ. ಒಬ್ಬರು ವೀಟೊ ಹಾಕಿದರೂ ಹಳೇ ನಿರ್ಬಂಧ ತಾನಾಗಿ ವಾಪಸ್. ಇರಾನ್ ಒಪ್ಪಂದ ಪಾಲಿಸುತ್ತಿಲ್ಲ ಅಂತ ಬ್ರಿಟನ್, ಫ್ರಾನ್ಸ್, ಜರ್ಮನಿ 2025ರ ಆಗಸ್ಟ್ 28ಕ್ಕೆ ನೋಟಿಸ್ ಕೊಟ್ಟವು, 30 ದಿನ ಮುಗಿದ ಮೇಲೆ ನಿರ್ಬಂಧ ಮರಳಿತು. ರಷ್ಯಾ, ಚೀನಾ ಒಪ್ಪಿಲ್ಲ. ಕಾಗದದಲ್ಲಿ ಪೂರ್ತಿ ಜಾರಿ, ಸಹಕಾರ ಮಾತ್ರ ಅರ್ಧ.

ಲೆಕ್ಕದ_ಪುಸ್ತಕ:
ಉತ್ತರ ಕೊರಿಯಾ ನೋಡಿ. 2017ರ 2397ನೇ ನಿರ್ಣಯದ ಪ್ರಕಾರ ವರ್ಷಕ್ಕೆ 5 ಲಕ್ಷ ಬ್ಯಾರಲ್ ಸಂಸ್ಕರಿತ ತೈಲ, ಅಷ್ಟೆ. ಮಾರಿದ ದೇಶ 30 ದಿನಕ್ಕೊಮ್ಮೆ ಭದ್ರತಾ ಮಂಡಳಿಯ ನಿರ್ಬಂಧ ಸಮಿತಿಗೆ ಲೆಕ್ಕ ಕೊಡಬೇಕು. ನಡುಸಮುದ್ರದಲ್ಲಿ ಹಡಗಿನಿಂದ ಹಡಗಿಗೆ ಸುರಿದದ್ದನ್ನು ಯಾರು ಬರೆದುಕೊಡ್ತಾರೆ? 2018ರಲ್ಲಿ ಮಿತಿ ಮೀರಿದೆ ಅಂತ ಅಮೆರಿಕ ಹೇಳಿದಾಗ ರಷ್ಯಾ, ಚೀನಾ ಇನ್ನಷ್ಟು ವಿವರ ಬೇಕು ಅಂದವು. ಸಮಿತಿಯಲ್ಲಿ 15 ದೇಶಗಳೂ ಒಪ್ಪಬೇಕು, ಹಾಗಾಗಿ ಅಲ್ಲಿಗೇ ನಿಂತಿತು. ಲೆಕ್ಕ ಹಿಡಿಯುತ್ತಿದ್ದ ತಜ್ಞರ ತಂಡವನ್ನು 2024ರ ಮಾರ್ಚ್ 28ಕ್ಕೆ ರಷ್ಯಾದ ವೀಟೊ ಮುಗಿಸಿತು. ನಿಯಮ ಹಾಗೇ ಇದೆ, ಎಣಿಸೋರಿಲ್ಲ.

ಪೀಣ್ಯ_ಎರಡನೇಹಂತ:
ಡ್ರೈವ್ ಯಾವ ಕಾರ್ಖಾನೆಗೆ ಹೋಗುತ್ತೆ ಅಂತ ಟ್ರೇಡರ್ ಹೇಳದಿದ್ದರೆ?

ಸ್ಕೊಮೆಟ್_ಗುಮಾಸ್ತ:
ಕಳಿಸಬೇಡಿ ಸರ್. ಟ್ರೇಡರ್ ಎಂಡ್ ಯೂಸರ್ ಅಲ್ಲ. ಮಾಲು ಕೂರುವ ಯಂತ್ರದ ಮಾಡೆಲ್, ಕಾರ್ಖಾನೆಯ ವಿಳಾಸ ಎರಡೂ ಬರವಣಿಗೆಯಲ್ಲಿ ಬೇಕು. 599ರ ಡ್ರೈವ್ ಆದರೂ, ಅಣ್ವಸ್ತ್ರದ ಕೆಲಸಕ್ಕೆ ಅಂತ ಗೊತ್ತಿದ್ದೂ ಕಳಿಸಿದರೆ 2005ರ ಕಾಯ್ದೆ ಹಿಡಿಯುತ್ತೆ.